ಗಂಧಕದ ಬೆಟ್ಟದಲ್ಲಿ ಅವ್ವನ ಬೆಳ್ಳಿ

ಹೊರಡುವ ಮುಂಚೆ

ಜಪಾನಿಗೆ ಹೋಗಿಬಂದವರನ್ನು ಮಾತಾಡಿಸಿದರೆ ಮೊದಲು ರೈಲಿನ ಸುದ್ದಿ ಬರುತ್ತದೆ. ಗಡಿಯಾರದ ಮುಳ್ಳು ನೋಡಿಕೊಂಡು ಬರುತ್ತದೆ, ಮುಳ್ಳು ನೋಡಿಕೊಂಡು ಹೋಗುತ್ತದೆ ಅಂತ. ನಿಜ, ನಾನೂ ನೋಡಿದೆ. ಆದರೆ ತಿರುಗಿ ಬಂದ ಮೇಲೆ ನನಗೆ ಮತ್ತೆ ಮತ್ತೆ ನೆನಪಾಗುವುದು ರೈಲಲ್ಲ. ಒಂದು ರಜೆಯ ದಿನ, ಹೊಗೆಯಾಡುವ ಒಂದು ಬೆಟ್ಟ, ಅದರ ಬುಡದಲ್ಲಿ ತಾನಾಗಿಯೇ ಕಾದು ಬರುವ ನೀರು, ಮತ್ತು ನನ್ನ ಕೊರಳಿನ ಬೆಳ್ಳಿ.

ಬೆಳ್ಳಿಯ ವಿಷಯ ಮೊದಲು ಹೇಳಬೇಕು. ಇಲ್ಲದಿದ್ದರೆ ಉಳಿದದ್ದು ತಿಳಿಯುವುದಿಲ್ಲ.

ನನ್ನ ಅಪ್ಪ ಇಳಕಲ್ಲ ಕಡೆಯ ಕಲ್ಲಿನ ಖಣಿಯಲ್ಲಿ ಕೆಂಪು ಕಲ್ಲು ಒಡೆಯುತ್ತಿದ್ದ. ಅವ್ವ ಅದೇ ಖಣಿಯಲ್ಲಿ ಕಲ್ಲಿನ ಬುಟ್ಟಿ ಹೊರುತ್ತಿದ್ದಳು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವನು ನಾನು. ಹೈದರಾಬಾದಿಗೆ ಬಂದು, ಹಗಲು ಹಿಮಾಯತ್‌ನಗರದ ಒಂದು ಔಷಧದ ಅಂಗಡಿಯಲ್ಲಿ ಡಬ್ಬಿ ಜೋಡಿಸಿ, ಸಂಜೆ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿ ಬಿ.ಎಸ್ಸಿ. ಮುಗಿಸಿದೆ. ಇದನ್ನು ನಾನು ಎಲ್ಲರ ಮುಂದೆ ಹೇಳುತ್ತೇನೆ. ಹೇಳಿಕೊಳ್ಳುವಂಥದ್ದೇ ಅದು.

ನಾನು ಪಾಸಾದ ವರ್ಷ ಅವ್ವ ತನ್ನ ಕಾಲ್ಗಡಗ ಪೆಟ್ಟಿಗೆಯಿಂದ ತೆಗೆದಳು. ಅಪ್ಪ ತೀರಿಕೊಂಡ ಮೇಲೆ ಬಿಚ್ಚಿ ಇಟ್ಟಿದ್ದ ಕಡಗ ಅವು. ಊರಿನ ಪತ್ತಾರನ ಕಡೆ ಒಯ್ದು, ಕರಗಿಸಿ, ನನಗೆ ಗುಂಡಗಡಿಗೆ ಮಾಡಿಸಿದಳು. ನಮ್ಮ ಲಿಂಗವಂತರ ಮನೆಗಳಲ್ಲಿ ಇಷ್ಟಲಿಂಗವನ್ನು ಒಳಗಿಟ್ಟು ಕೊರಳಿಗೆ ಕಟ್ಟಿಕೊಳ್ಳುವ ಬೆಳ್ಳಿಯ ದುಂಡನೆಯ ಡಬ್ಬಿ ಅದು. ಅಲ್ಲಿಯವರೆಗೆ ನಾನು ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಕಟ್ಟಿಕೊಳ್ಳುತ್ತಿದ್ದೆ. "ಡಿಗ್ರಿ ಮಾಡಿದಂವ ಅರಿವಿ ತುಣುಕು ಕಟಗೊಂಡು ಅಡ್ಡಾಡಬಾರದು" ಅಂದಳು.

ಪತ್ತಾರ ಕೊಟ್ಟದ್ದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅವ್ವ ಅದನ್ನು ತಿರುವಿ ತಿರುವಿ ನೋಡಿದಳು.

"ಇದು ನಂದ ಬೆಳ್ಳಿ ಹೌದಂತೀಯೇನು?"

"ಮತ್ತ ಯಾರದ ಇರತೈತಬೇ?"

"ಯಾಕೋ ಗುರುತ ಹತ್ತವಲ್ದು. ಅಕ್ಕಸಾಲಿ ಅಕ್ಕನ ಬಂಗಾರನೂ ಬಿಡಂಗಿಲ್ಲಂತ."

ಆ ಅನುಮಾನ ಅವಳಿಗೆ ಹೋಗಲೇ ಇಲ್ಲ. ಹಬ್ಬಹರಿದಿನ ಬಂತೆಂದರೆ ನನ್ನ ಕೊರಳು ನೋಡಿ ಪತ್ತಾರನ ಹೆಸರು ತೆಗೆಯುವಳು.

ಆಮೇಲೆ ನನಗೆ ಹೈದರಾಬಾದಿನ ಒಂದು ಕೇಂದ್ರ ಸರಕಾರಿ ಕಾರ್ಖಾನೆಯಲ್ಲಿ ನೌಕರಿ ಸಿಕ್ಕಿತು. ಒಂದು ಲೋಹದ ಮೇಲೆ ಇನ್ನೊಂದು ಲೋಹದ ಲೇಪ ಕೂರಿಸುವ ಪ್ಲೇಟಿಂಗ್ ವಿಭಾಗ. ಅವ್ವನನ್ನು ಕರಕೊಂಡು ಬಂದೆ, ಮೆಹದಿಪಟ್ಟಣಂನಲ್ಲಿ ಮನೆ ಹಿಡಿದೆ. ಕೆಲ ವರ್ಷಗಳ ನಂತರ ನಮ್ಮ ಕಾರ್ಖಾನೆ ಜಪಾನಿನಿಂದ ಯಂತ್ರ ತರಿಸಲು ಹೊರಟಾಗ, ಅದನ್ನು ನಡೆಸುವುದು ಕಲಿತು ಬರಲು ಇಬ್ಬರನ್ನು ಕಳಿಸಿದರು. ನಾನೊಬ್ಬ. ಇನ್ನೊಬ್ಬರು ಮೇಂಟೆನೆನ್ಸಿನ ರಾವ್, ಗುಂಟೂರಿನ ಕಡೆಯವರು. ಬಾಯಿ ಸುಮ್ಮನಿರದ ಮನುಷ್ಯ.

ಬೇಗಂಪೇಟೆಯ ವಿಮಾನ ನಿಲ್ದಾಣಕ್ಕೆ ಹೊರಡುವ ದಿನ ಅವ್ವ ಬುತ್ತಿ ಕಟ್ಟಿಕೊಟ್ಟಳು. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಒಂದು ವಿಭೂತಿ ಗಟ್ಟಿ. ಬಾಗಿಲಲ್ಲಿ ನಿಂತು ನನ್ನ ಎದೆಯ ಮೇಲಿನ ಗುಂಡಗಡಿಗೆ ಮುಟ್ಟಿದಳು.

"ಯಪ್ಪಾ, ಇದು ಮೈಮ್ಯಾಲಿಂದ ಇಳೀಬಾರದು. ಹೆಂಗ ಹೊಂಟೈತಿ ಹಂಗ ತಿರುಗಿ ಬರಬೇಕು."

"ಬರತೈತಿ ಬಿಡಬೇ."

"ಬಿಡಬೇ ಅನಬ್ಯಾಡ. ಮಾತು ಕೊಡು."

ನಾನು ಅಂಥ ದೊಡ್ಡ ಭಕ್ತನೇನಲ್ಲ. ಬೆಳಿಗ್ಗೆ ಬಸ್ಸಿನ ಗಡಿಬಿಡಿಯಲ್ಲಿ ಲಿಂಗಪೂಜೆ ನಿಂತೇ ಮುಗಿಯುತ್ತದೆ. ಆದರೂ ಮಾತು ಕೊಟ್ಟೆ. ಖಣಿಯಲ್ಲಿ ನಡೆದ ಕಾಲಿನ ಬೆಳ್ಳಿ ಅದು.

ಬಸ್ಸಿನಲ್ಲಿ

ನಮಗೆ ಕೆಲಸ ಕಲಿಸುತ್ತಿದ್ದವರು ಮೊರಿ ಅಂತ, ನನ್ನ ವಯಸ್ಸಿನವರೇ. ಶರದೃತುವಿನಲ್ಲಿ ಅಲ್ಲಿ ಒಂದು ರಜೆ ಬಂತು. ಮೊರಿ ಹಿಂದಿನ ದಿನ ನಮ್ಮ ಮುಂದೆ ಬಂದು ನಿಂತು, "ನಾಳೆ ನನ್ನ ತಂದೆಯ ಬೆಟ್ಟಕ್ಕೆ ಬರುತ್ತೀರಾ?" ಅಂತ ಕೇಳಿದರು. ಅವರ ಇಂಗ್ಲಿಷು, ನಮ್ಮ ಇಂಗ್ಲಿಷು ಎರಡೂ ಒಂದೇ ದರ್ಜೆಯವು, ಹಾಗಾಗಿ ಚೆನ್ನಾಗಿ ತಿಳಿಯುತ್ತಿತ್ತು.

ರಾವ್ ತೆಲುಗಿನಲ್ಲಿ ಅಂದರು. ಅವರು ನನ್ನ ಜೊತೆ ಆಡುವುದೆಲ್ಲ ತೆಲುಗೇ, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. "ಬೆಟ್ಟವೇ ಇವರ ಅಪ್ಪನದಂತೆ ಶರಣಪ್ಪಾ. ನಾವು ಮಷೀನು ಕಲಿತಿದ್ದು ಸಾಕು, ಇವರ ಮನೆಗೆ ಅಳಿಯತನಕ್ಕೆ ಬಂದುಬಿಡೋಣ."

ಬೆಟ್ಟದ ಹೆಸರು ಬರೆಯುವುದಿಲ್ಲ. ನಾನು ಎಷ್ಟು ಸಲ ಅಂದರೂ ಮೊರಿ ನಕ್ಕು ತಿದ್ದುತ್ತಿದ್ದರು. ಕನ್ನಡದಲ್ಲಿ ಬರೆದರೆ ಇನ್ನೂ ತಪ್ಪಾದೀತು.

ಮೊದಲು ರೈಲು, ಆಮೇಲೆ ಬಸ್ಸು. ಬಸ್ಸು ತುಂಬ ಜನ, ಆದರೆ ಒಬ್ಬರದೂ ಸದ್ದಿಲ್ಲ. ಮೆಹದಿಪಟ್ಟಣಂ ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಕರ್ಚೀಫು ಹಾಕಿ ಸೀಟು ಹಿಡಿಯುವ ನಮಗೆ ಆ ಮೌನ ಮೈಮೇಲೆ ಬಂದ ಹಾಗಾಯಿತು. ರಾವ್ ಕೂಡ ಪಿಸುದನಿಗೆ ಇಳಿದರು.

ಮುಂದಿನ ಸೀಟಿನಲ್ಲಿ ಮೊರಿಯ ತಂದೆ ಕೂತಿದ್ದರು. ಎಪ್ಪತ್ತು ದಾಟಿರಬೇಕು. ಗಿಡ್ಡ ಆಳು, ಅಗಲ ಭುಜ. ನಮ್ಮನ್ನು ನೋಡಿ ಬಾಗಿದರು, ನಾವೂ ಬಾಗಿದೆವು, ಅವರು ಇನ್ನೊಮ್ಮೆ ಬಾಗಿದರು. ಇದು ಎಲ್ಲಿ ನಿಲ್ಲಬೇಕು ಅನ್ನುವುದು ನನಗೆ ಅಲ್ಲಿದ್ದಷ್ಟು ದಿನವೂ ತಿಳಿಯಲಿಲ್ಲ. ಮನಸ್ಸಿನಲ್ಲೇ ನಾನು ಅವರನ್ನು ಯಜಮಾನರು ಅನ್ನತೊಡಗಿದೆ.

ಬಸ್ಸು ಏರು ಹತ್ತಿದಂತೆ ಒಂದು ವಾಸನೆ ಒಳಗೆ ಬಂತು. ರಾವ್ ಮೂಗು ಮುಚ್ಚಿದರು.

"ಯಾರೋ ಕೊಳೆತ ಮೊಟ್ಟೆ ತಂದಿದ್ದಾರೆ."

"ಬೆಟ್ಟದ್ದು ರಾವ್‌ಗಾರೂ, ಗಂಧಕ. ನಮ್ಮ ಲ್ಯಾಬಿನಲ್ಲಿ ದಿನಾ ಬರೋದೇ ಅಲ್ಲವಾ" ಅಂದೆ, ತಿಳಿದವನ ಗತ್ತಿನಲ್ಲಿ. ಹೈಡ್ರೋಜನ್ ಸಲ್ಫೈಡ್ ಅಂತ ಅದರ ಹೆಸರನ್ನೂ ಹೇಳಿದೆ. ಹೆಸರು ಹೇಳಿದವನಿಗೆ ಅದು ಏನು ಮಾಡುತ್ತದೆ ಅನ್ನುವುದು ಹೊಳೆಯಬೇಕಿತ್ತು. ನಮ್ಮ ಲ್ಯಾಬಿನ ಗೋಡೆಗೆ "ಬೆಳ್ಳಿಯ ಸಾಮಾನು ಈ ಕಡೆ ತರಬೇಡಿ" ಅಂತ ಬೋರ್ಡು ಬರೆಸಿ ಹಾಕಿಸಿದವನು ನಾನೇ. ಆದರೆ ಲ್ಯಾಬಿನಲ್ಲಿ ಬೆಳ್ಳಿ ಅಂದರೆ ಸಾಮಾನು. ಕೊರಳಲ್ಲಿ ಇರುವುದನ್ನು ನಾನು ಎಂದೂ ಬೆಳ್ಳಿ ಅಂತ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಏರು ದಾರಿ

ದಾರಿ ಶುರುವಾದಲ್ಲಿ ಯಜಮಾನರು ತಮ್ಮ ಚೀಲಕ್ಕೆ ಒಂದು ಹಿತ್ತಾಳೆ ಗಂಟೆ ಕಟ್ಟಿದರು. ಹೆಜ್ಜೆ ಇಟ್ಟ ಹಾಗೆಲ್ಲ ಘಣ್ ಘಣ್. ನನಗೆ ಊರಿನ ಎತ್ತು ನೆನಪಾಯಿತು.

"ಇದು ಯಾಕೆ?" ರಾವ್ ಕೇಳಿದರು.

"ಕರಡಿ ಇವೆ" ಅಂದರು ಮೊರಿ. "ಸದ್ದು ಕೇಳಿದರೆ ಅವೇ ದೂರ ಹೋಗುತ್ತವೆ."

ರಾವ್ ಅಲ್ಲಿಂದ ಮುಂದೆ ಗಂಟೆಯ ಹಿಂದಿನ ಜಾಗ ಬಿಡಲಿಲ್ಲ. ಅವರ ಬಾಯಿ ಮತ್ತೆ ತೆರೆಯಿತು. "ಗಂಟೆ ಸಾಲದು, ನಾನು ಮಾತಾಡುತ್ತಲೇ ಇರುತ್ತೇನೆ. ಕರಡಿಗೂ ತೆಲುಗು ಬರುವುದಿಲ್ಲ, ಹೆದರುತ್ತದೆ."

ವಿಚಿತ್ರ ಅಂದರೆ, ಬಸ್ಸಿನಲ್ಲಿ ಪಕ್ಕದವರ ಮುಖ ನೋಡದ ಅದೇ ಜನ ಬೆಟ್ಟದ ಮೇಲೆ ಎದುರಾದವರಿಗೆಲ್ಲ ನಮಸ್ಕಾರ ಹೇಳುತ್ತಿದ್ದರು. ಮುದುಕಿಯರು, ಮಕ್ಕಳು, ಎಲ್ಲರೂ. ಇಳಿಯುವವರು ಏರುವವರಿಗೆ ದಾರಿ ಬಿಟ್ಟು ಪಕ್ಕಕ್ಕೆ ನಿಲ್ಲುವರು. ನಮ್ಮಲ್ಲಿ ಇದು ಉಲ್ಟಾ. ಬಸ್ಸಿನಲ್ಲಿ ಕೂತ ಕೂಡಲೇ ಯಾವೂರು, ಯಾರ ಪೈಕಿ, ಮಕ್ಕಳೆಷ್ಟು ಅಂತ ಎಲ್ಲ ಆಗುತ್ತದೆ. ಬೆಟ್ಟ ಹತ್ತುವಾಗ ಮಾತ್ರ ಅವರವರ ಹರಕೆ ಅವರವರಿಗೆ.

ಮೊಣಕಾಲೆತ್ತರದ ಬಿದಿರು ಹುಲ್ಲಿನ ನಡುವೆ ದಾರಿ. ಎರಡೂ ಕಡೆ ಮರಗಳು ಎಲೆ ಉದುರಿಸುವ ಮೊದಲು ಕೆಂಪಾಗಿ ನಿಂತಿದ್ದವು. ಮೇಲೆ ಹೋದಂತೆ ಮರ ಮುಗಿದು ಬರೀ ಬೂದಿ ಬಣ್ಣದ ನೆಲ, ಅಲ್ಲಲ್ಲಿ ಬಿರುಕು, ಬಿರುಕಿನಿಂದ ಬುಸುಗುಟ್ಟುವ ಹಬೆ. ಹಬೆಯ ಸುತ್ತ ಹಳದಿ ಹರಳು, ಅರಿಸಿನ ಚೆಲ್ಲಿದ ಹಾಗೆ. ನಾನು ಬಾಟಲಿಯಲ್ಲಿ ಮಾತ್ರ ನೋಡಿದ್ದ ಗಂಧಕ ಅಲ್ಲಿ ನೆಲದಲ್ಲೇ ಹುಟ್ಟುತ್ತಿತ್ತು. ಹತ್ತಿರ ಹೋಗಿ, ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದೆ. ಸಂಜೆ ಕಾಲೇಜಿನಲ್ಲಿ ನಿದ್ದೆಗಣ್ಣಲ್ಲಿ ಬಾಯಿಪಾಠ ಮಾಡಿದ್ದು ಕಣ್ಣೆದುರಿಗೆ ಉಸಿರಾಡುತ್ತಿದ್ದರೆ ಯಾರಾದರೂ ನೋಡಬೇಕಲ್ಲ.

ಮೊರಿ ಪಕ್ಕದಲ್ಲಿ ಬಂದು ಕೂತರು. "ನನ್ನ ತಂದೆ ಇಲ್ಲಿ ಗಂಧಕ ಅಗೆಯುತ್ತಿದ್ದರು. ಗಣಿ ಮುಚ್ಚುವವರೆಗೂ. ಬೆನ್ನ ಮೇಲೆ ಹೊತ್ತು ಕೆಳಗೆ ಇಳಿಸುತ್ತಿದ್ದರು." ಆಮೇಲೆ, "ನಮ್ಮ ಮನೆಯಲ್ಲಿ ಕಾಲೇಜಿಗೆ ಹೋದ ಮೊದಲನೆಯವನು ನಾನು" ಅಂದರು.

ಇದನ್ನು ಅವರು ಹೇಳಿದ ರೀತಿ ನನಗೆ ಗೊತ್ತಿತ್ತು. ನಾನೂ ಹಾಗೇ ಹೇಳುವುದು, ಕುತ್ತಿಗೆ ಒಂಚೂರು ಮೇಲೆತ್ತಿ.

"ನನ್ನ ತಂದೆ ಕಲ್ಲು ಒಡೆಯುತ್ತಿದ್ದರು. ತಾಯಿ ಹೊರುತ್ತಿದ್ದರು" ಅಂದೆ.

ಮೊರಿ ಅದನ್ನು ತಂದೆಗೆ ಹೇಳಿದರು. ಯಜಮಾನರು ನಿಂತರು. ನನ್ನ ಮುಖ ನೋಡಲಿಲ್ಲ, ಕೈ ನೋಡಿದರು. ನನ್ನ ಕೈಯಲ್ಲಿ ಏನಿದೆ, ಗುಮಾಸ್ತನಂಥ ಮೆತ್ತಗಿನ ಕೈ. ಆದರೂ ಆಮೇಲೆ ಅವರು ಮಗನನ್ನು ಬಿಟ್ಟು ನನ್ನ ಜೊತೆ ನಡೆದರು. ದಾರಿಯ ಬಂಡೆಯನ್ನು ಕೋಲಿನಿಂದ ತಟ್ಟುವರು, ಸದ್ದು ಕೇಳಿಸಿಕೋ ಅನ್ನುವ ಹಾಗೆ ನನ್ನ ಕಡೆ ನೋಡುವರು. ಟೊಳ್ಳಾದದ್ದು ಒಂದು ಸದ್ದು, ಗಟ್ಟಿಯಾದದ್ದು ಇನ್ನೊಂದು. ಅಪ್ಪ ಸುತ್ತಿಗೆಯ ಹಿಂಬದಿಯಿಂದ ಹೀಗೇ ತಟ್ಟಿ ಕಿವಿ ಕೊಡುತ್ತಿದ್ದ. ನಾನು ಒಂದು ಟೊಳ್ಳು ಬಂಡೆ ತಟ್ಟಿ, ತಲೆ ಅಲ್ಲಾಡಿಸಿ ಬೇಡ ಅಂದೆ. ಅವರು ಗಟ್ಟಿಯಾಗಿ ನಕ್ಕರು. ನಮ್ಮಿಬ್ಬರಿಗೂ ಬರುವ ಭಾಷೆ ಒಂದೂ ಇರಲಿಲ್ಲ, ಮಾತು ಮಾತ್ರ ಬಹಳ ಆಯಿತು.

ತುದಿಯಲ್ಲಿ

ತುದಿಯಲ್ಲಿ ಗಾಳಿ ಕೊರೆಯುತ್ತಿತ್ತು. ಮೊರಿ ಅನ್ನದ ಉಂಡೆ ತೆಗೆದರು. ರಾವ್ ಒಂದು ಕಚ್ಚಿ, ಒಳಗೆ ಮೀನು ಸಿಕ್ಕಿ, ಖುಷಿಯಾದರು. ನಾನು ಮೀನು ಮುಟ್ಟುವವನಲ್ಲ. ಅವ್ವನ ಖಡಕ್ ರೊಟ್ಟಿ ಬಿಚ್ಚಿದೆ.

ಯಜಮಾನರು ಅದನ್ನೇ ನೋಡುತ್ತಿದ್ದರು. ಮುರಿದು, ಚಟ್ನಿ ಹಚ್ಚಿ ಕೊಟ್ಟೆ. ಕಟಂ ಅಂತ ಕಚ್ಚಿದರು. ಖಾರಕ್ಕೆ ಕಣ್ಣಲ್ಲಿ ನೀರು ಬಂತು, ಆದರೂ ಅಗಿಯುವುದು ಬಿಡಲಿಲ್ಲ. ಮಗನಿಗೆ ಏನೋ ಕೇಳಿದರು.

"ಇದು ಯಾವ ಧಾನ್ಯ ಅಂತ ಕೇಳುತ್ತಿದ್ದಾರೆ."

ನಾನು ಗಾಳಿಯಲ್ಲಿ ಜೋಳದ ದಂಟು ಬಿಡಿಸಿದೆ. ಎತ್ತರ, ಮೇಲೆ ತೆನೆ, ತೆನೆ ತುಂಬ ಕಾಳು. ಯಜಮಾನರು ತಲೆಯಾಡಿಸಿ ಸಾವಕಾಶವಾಗಿ ಮಾತಾಡಿದರು. ಮೊರಿ ಪೂರ್ತಿ ಕೇಳಿ ಆಮೇಲೆ ನಮಗೆ ಹೇಳಿದರು. ತಂದೆ ಚಿಕ್ಕವರಿದ್ದಾಗ ಈ ಬೆಟ್ಟದ ಹಳ್ಳಿಗಳಲ್ಲಿ ಭತ್ತ ಬೆಳೆಯುತ್ತಿರಲಿಲ್ಲ. ಇಂಥದೇ ಒಂದು ಕೆಂಪು ಕಾಳು ಬೀಸಿ ಅವರ ತಾಯಿ ಉಂಡೆ ಮಾಡುತ್ತಿದ್ದರು. ಅನ್ನ ಹಬ್ಬಕ್ಕೆ ಮಾತ್ರ.

"ಇದನ್ನು ನನಗೆ ಎಂದೂ ಹೇಳಿರಲಿಲ್ಲ" ಅಂದರು ಮೊರಿ.

ನಮ್ಮ ಮನೆಯಲ್ಲೂ ಹಾಗೇ. ಅನ್ನ ಅಂದರೆ ಯುಗಾದಿ. ಹೈದರಾಬಾದಿಗೆ ಬಂದು ದಿನಾ ಅನ್ನ ಉಣ್ಣತೊಡಗಿದಾಗ ನಾನು ಎಲ್ಲೋ ಏರಿಬಿಟ್ಟೆ ಅಂದುಕೊಂಡಿದ್ದೆ. ಯಜಮಾನರು ಇನ್ನೊಂದು ತುಂಡಿಗೆ ಕೈ ಚಾಚಿದರು. ಎರಡೂ ಅಂಗೈ ಜೋಡಿಸಿ, ಪ್ರಸಾದ ತಗೊಳ್ಳುವ ಹಾಗೆ.

ಬಿಸಿನೀರು

ಇಳಿದು ಬಂದಲ್ಲಿ ಮರದ ಹಳೆಯ ಜಳಕದ ಮನೆ. ನೀಲಿ ಪರದೆ ಗಂಡಸರಿಗೆ, ಕೆಂಪು ಪರದೆ ಹೆಂಗಸರಿಗೆ. ನೀರು ಬೆಟ್ಟದ ಹೊಟ್ಟೆಯಿಂದ ಹಾಗೇ ಕಾದು ಬರುತ್ತದೆ. ಒಲೆ ಇಲ್ಲ, ಕಟ್ಟಿಗೆ ಇಲ್ಲ. ಮೊಣಕಾಲು ನೋಯುತ್ತಿದ್ದ ನನಗೆ ಆ ಹಬೆ ನೋಡಿಯೇ ಅರ್ಧ ಜೀವ ಬಂತು.

ಒಳಗೆ ಹೋದ ಮೇಲೆ ಮೊರಿ ನಿಯಮ ಹೇಳಿದರು. ಮೊದಲು ಹೊರಗೆ ಕೂತು ಸಾಬೂನು ಹಚ್ಚಿ ಮೈ ತೊಳೆಯಬೇಕು, ಆಮೇಲೆ ನೀರಿಗೆ ಇಳಿಯಬೇಕು. ಎಲ್ಲರೂ ಒಂದೇ ತೊಟ್ಟಿ. ನೀರಿಗೆ ಬಟ್ಟೆ ತಾಗಬಾರದು. ಒಂದು ದಾರವೂ ತಾಗಬಾರದು.

"ಚಡ್ಡಿ?" ಅಂದರು ರಾವ್.

"ಚಡ್ಡಿಯೂ ಇಲ್ಲ."

"ಅಯ್ಯ ಬಾಬೋಯ್. ಮದುವೆಯಾದಾಗಿನಿಂದ ನನ್ನನ್ನು ನಾನೇ ಹಾಗೆ ನೋಡಿಕೊಂಡಿಲ್ಲ." ರಾವ್ ಪಟ್ಟೆ ಪಟ್ಟೆ ಚಡ್ಡಿಯಲ್ಲೇ ಒಳಗೆ ಕಾಲಿಟ್ಟರು. ತೊಟ್ಟಿಯಲ್ಲಿದ್ದವರೆಲ್ಲ ಒಟ್ಟಿಗೆ ಮುಖ ಬೇರೆ ಕಡೆ ತಿರುಗಿಸಿದರು. ಅದು ಬೈಗುಳಕ್ಕಿಂತ ಜೋರಾಗಿ ತಾಗಿರಬೇಕು. ರಾವ್ ತಿರುಗಿ ಹೋಗಿ ಅಂಗಿ ಪ್ಯಾಂಟು ತೊಟ್ಟು, ಹೊರಗಿನ ಕಟ್ಟೆಯಲ್ಲಿ ಕಾಲು ಮಾತ್ರ ಅದ್ದುವ ಸಣ್ಣ ಹೊಂಡ ಹುಡುಕಿ ಕೂತುಬಿಟ್ಟರು.

ಬತ್ತಲೆಗೆ ನಾನು ಹೆದರಲಿಲ್ಲ. ಹಳ್ಳದಲ್ಲಿ ಈಜು ಕಲಿತವನು ನಾನು. ನನ್ನ ಪೇಚು ಬೇರೆ. ಒಂದು ದಾರವೂ ತಾಗಬಾರದು ಅಂದರಲ್ಲ, ನನ್ನ ಕೊರಳಲ್ಲಿ ದಾರವೂ ಇತ್ತು, ದಾರದಲ್ಲಿ ಅವ್ವನಿಗೆ ಕೊಟ್ಟ ಮಾತೂ ಇತ್ತು.

ಬಟ್ಟೆಯ ಬುಟ್ಟಿಯಲ್ಲಿ ಬಿಚ್ಚಿಡಬಹುದಿತ್ತು. ಅಲ್ಲಿ ಕಳ್ಳತನದ ಹೆದರಿಕೆಯೇ ಇಲ್ಲ. ಅವ್ವನಿಗೆ ಹೇಗೆ ಗೊತ್ತಾಗುತ್ತಿತ್ತು? ಇಲ್ಲದಿದ್ದರೆ ರಾವ್ ಪಕ್ಕ ಹೋಗಿ ಕಾಲು ಅದ್ದಿ ಕೂತರಾಯಿತು. ನಾನು ಹಾಗೇ ಮಾಡಬೇಕು ಅಂತ ತಿರುಗಿದೆ. ಅಷ್ಟರಲ್ಲಿ ನೋಡಿದರೆ ಯಜಮಾನರು ಗಿಡ್ಡ ಮಣೆಯ ಮೇಲೆ ಕೂತು, ಪಕ್ಕದಲ್ಲಿ ನನಗೂ ಒಂದು ಮಣೆ ಎಳೆದಿಟ್ಟು, ಒದ್ದೆ ಬಟ್ಟೆಗೆ ಸಾಬೂನು ಹಚ್ಚಿಕೊಂಡು ಕಾಯುತ್ತಿದ್ದರು.

"ನಿಮ್ಮ ಬೆನ್ನು ತಿಕ್ಕುತ್ತಾರಂತೆ" ಅಂದರು ಮೊರಿ. "ಮನೆಯವರಿಗೆ ಮಾತ್ರ ಮಾಡುತ್ತಾರೆ."

ಈಗ ಹೊರಗೆ ಹೋಗುವುದು ಹೇಗೆ. ನಾನು ಗುಂಡಗಡಿಗೆ ಹಿಡಿದು ತೋರಿಸಿ, ಮೊರಿಗೆ ಹೇಳಿದೆ. ಇದು ನಮ್ಮ ದೇವರು. ತಾಯಿ ಮಾಡಿಸಿಕೊಟ್ಟದ್ದು. ಮೈಮೇಲಿಂದ ಇಳಿಸುವ ಹಾಗಿಲ್ಲ. ನಿಮ್ಮ ನೀರಿಗೆ ತಾಗಿಸುವ ಹಾಗೂ ಇಲ್ಲ.

ಮೊರಿ ತಂದೆಗೆ ಹೇಳಿದರು. ಯಜಮಾನರು ನಗಲಿಲ್ಲ. ತೊಟ್ಟಿಯ ಕಡೆ ಕೈ ತೋರಿಸಿದರು. ಅಲ್ಲಿ ಕೊರಳಮಟ್ಟ ನೀರಲ್ಲಿ ಕೂತಿದ್ದ ಮುದುಕರೆಲ್ಲ ತಮ್ಮ ತಮ್ಮ ಸಣ್ಣ ಟವೆಲನ್ನು ಮಡಿಸಿ ನೆತ್ತಿಯ ಮೇಲೆ ಇಟ್ಟುಕೊಂಡಿದ್ದರು. ಬಟ್ಟೆ ನೀರಿಗೆ ತಾಗದಿರಲಿ ಅಂತ ಅಲ್ಲಿಯ ರೂಢಿ. ಯಜಮಾನರು ನನ್ನ ಕೊರಳು ತೋರಿಸಿದರು, ಆಮೇಲೆ ನನ್ನ ತಲೆ ತೋರಿಸಿದರು.

ಲಿಂಗವನ್ನು ಕೊರಳಲ್ಲಷ್ಟೇ ಅಲ್ಲ, ತಲೆಯ ಮೇಲೂ ಧರಿಸಬಹುದು ಅಂತ ನಮ್ಮ ಊರಿನ ಹಿರಿಯರು ಹೇಳುತ್ತಿದ್ದರು. ಹಾಗೆ ಧರಿಸಿದವರನ್ನು ನಾನು ನೋಡಿರಲಿಲ್ಲ. ಶಿವದಾರವನ್ನು ಹಣೆಯ ಸುತ್ತ ಬಿಗಿದು, ಗುಂಡಗಡಿಗೆಯನ್ನು ನೆತ್ತಿಯ ಮೇಲೆ ಕೂರಿಸಿ, ಮೇಲೆ ಟವೆಲು ಮಡಿಸಿ ಇಟ್ಟೆ. ಮೈಮೇಲಿಂದ ಇಳಿಯಲೂ ಇಲ್ಲ, ನೀರಿಗೆ ತಾಗಲೂ ಇಲ್ಲ. ಎರಡು ದೇಶದ ನೇಮವೂ ಉಳಿಯಿತು ಅಂದುಕೊಂಡೆ.

ಯಜಮಾನರು ನನ್ನ ಬೆನ್ನು ತಿಕ್ಕಿದರು. ಹೆಗಲ ಮೂಳೆಗಳ ನಡುವೆ, ನಮ್ಮ ಕೈ ನಮಗೇ ತಲುಪದ ಜಾಗದಲ್ಲಿ, ಒರಟು ಬಟ್ಟೆಯಿಂದ, ಚರ್ಮ ಕೆಂಪಾಗುವ ಹಾಗೆ. ದೀಪಾವಳಿಗೆ ಎಣ್ಣೆ ಹಚ್ಚಿ ಎರೆಯುವಾಗ ಅವ್ವ ಹೀಗೇ ತಿಕ್ಕುತ್ತಿದ್ದಳು. ಆಮೇಲೆ ನಾನು ಬಟ್ಟೆ ತಗೊಂಡು ಅವರ ಬೆನ್ನ ಹಿಂದೆ ಕೂತೆ. ಎರಡೂ ಭುಜಗಳ ಮೇಲೆ ಹೊರೆಯ ಪಟ್ಟಿ ಕೂತ ಜಾಗ ತಗ್ಗಾಗಿತ್ತು. ಅಷ್ಟು ವರ್ಷ ಆದರೂ ಆ ತಗ್ಗು ತುಂಬಿಕೊಂಡಿರಲಿಲ್ಲ. ಅವ್ವನ ನೆತ್ತಿಯಲ್ಲೂ ಬುಟ್ಟಿಯ ಕೆಳಗಿನ ಸಿಂಬೆ ಕೂತ ಜಾಗದಲ್ಲಿ ಕೂದಲು ಇಲ್ಲ. ಸೆರಗು ಹೊದ್ದು ಮುಚ್ಚಿಕೊಳ್ಳುತ್ತಾಳೆ. ನಾನು ಮೆತ್ತಗೆ ತಿಕ್ಕಿದೆ. ಯಜಮಾನರು ತಿರುಗಿ ಏನೋ ಗದರಿದರು.

"ಇನ್ನೂ ಜೋರಾಗಿ, ನಾನು ಸತ್ತಿಲ್ಲ ಅನ್ನುತ್ತಿದ್ದಾರೆ" ಅಂದರು ಮೊರಿ.

ನೀರು ಹಾಲಿನ ಹಾಗೆ ಬೆಳ್ಳಗೆ. ಕಾಲಿಟ್ಟಾಗ ಸುಟ್ಟ ಹಾಗಾಗಿ, ಆಮೇಲೆ ಮೈಯೆಲ್ಲ ಸಡಿಲವಾಯಿತು. ಮೇಲೆ ತಣ್ಣನೆ ಗಾಳಿ, ಕೆಳಗೆ ಬೆಂಕಿ ಇಲ್ಲದ ಬಿಸಿ. ನಾವು ಮೂವರೂ ತಲೆಯ ಮೇಲೆ ಮಡಿಸಿದ ಟವೆಲು ಹೊತ್ತು ಸಾಲಾಗಿ ಕೂತೆವು, ಹೊರೆ ಇಳಿಸಲು ಮರೆತ ಹಮಾಲರ ಹಾಗೆ. ಹೊರಗಿನಿಂದ ರಾವ್ ಅವರ ದನಿ ಕೇಳಿತು, ಯಾವುದೋ ಜಪಾನೀ ಅಜ್ಜಿಗೆ ತೆಲುಗಿನಲ್ಲಿ ಗುಂಟೂರಿನ ಬಿಸಿಲು ವರ್ಣಿಸುತ್ತಿದ್ದರು.

ಕರ್ರಗೆ

ಬಟ್ಟೆ ಹಾಕಿಕೊಳ್ಳುವ ಕೋಣೆಯಲ್ಲಿ ಟವೆಲು ತೆಗೆದು ದಾರ ಕೊರಳಿಗೆ ಇಳಿಸಿದೆ. ಕನ್ನಡಿಯಲ್ಲಿ ನೋಡಿದರೆ ಎದೆಯ ಮೇಲೆ ಬೆಳ್ಳಿ ಇಲ್ಲ. ಕಬ್ಬಿಣದ ಹಾಗೆ ಕರ್ರಗಿನದು ಏನೋ ನೇತಾಡುತ್ತಿತ್ತು.

ಏನಾಯಿತು ಅಂತ ಯಾರೂ ಹೇಳಬೇಕಾಗಿರಲಿಲ್ಲ. ಬೆಟ್ಟದ ಮೇಲೆ ಹಬೆಯ ಪಕ್ಕದಲ್ಲೇ ಶುರುವಾಗಿರಬೇಕು, ತೊಟ್ಟಿಯ ಹಬೆಯಲ್ಲಿ ಮುಗಿದಿತ್ತು. ನೀರಿಗೆ ತಾಗಿಸಲಿಲ್ಲ ಅಂತ ಬೀಗಿದ್ದೆ. ಗಾಳಿಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಹೆಂಗ ಹೊಂಟೈತಿ ಹಂಗ ತಿರುಗಿ ಬರಬೇಕು ಅಂದಿದ್ದಳು ಅವ್ವ.

ಯಜಮಾನರು ನೋಡಿದರು. ಮುಖ ಸಣ್ಣದಾಯಿತು. ಅರ್ಧ ಬಟ್ಟೆಯಲ್ಲೇ ನನ್ನ ಮುಂದೆ ನಿಂತು, ಸೊಂಟದವರೆಗೆ ಬಾಗಿ, ಬಹಳ ಹೊತ್ತು ಏಳಲಿಲ್ಲ.

"ಬೆಟ್ಟದ ಪರವಾಗಿ ಕ್ಷಮೆ ಕೇಳುತ್ತಿದ್ದಾರೆ" ಅಂದರು ಮೊರಿ. ಅವರ ದನಿಯಲ್ಲೂ ತಮಾಷೆ ಇರಲಿಲ್ಲ.

ನಾನು ಅವರ ತೋಳು ಹಿಡಿದು ಎಬ್ಬಿಸಿದೆ. ಬಾಗಿದ್ದಕ್ಕೆ ಬಾಗಿ ಉತ್ತರ ಕೊಡುವ ಕ್ರಮ ಆ ಹೊತ್ತಿಗೆ ಮರೆತುಹೋಗಿತ್ತು.

ವಸತಿಗೆ ಬಂದು ವಿಭೂತಿ ಹಚ್ಚಿ ಉಜ್ಜಿದೆ. ಉಬ್ಬಿದ ಜಾಗ ಮಾತ್ರ ಬೆಳ್ಳಗಾಯಿತು. ಮುಚ್ಚಳದ ಮೇಲೆ ಪತ್ತಾರ ಕೆತ್ತಿದ್ದ ಕಮಲದ ಎಸಳಿನ ಗೆರೆಗಳಲ್ಲಿ, ಅದರ ಅಂಚಿನಲ್ಲಿ ಕಪ್ಪು ಹಾಗೇ ಕೂತಿತು. ಮಾರನೆಯ ದಿನ ಕಾರ್ಖಾನೆಯಲ್ಲಿ ಮೊರಿ ನನ್ನನ್ನು ಒಂದು ತೊಟ್ಟಿಯ ಹತ್ತಿರ ಕರೆದೊಯ್ದರು. ಬೆಳ್ಳಿ ತೊಳೆಯುವ ದ್ರಾವಣ. ಅದ್ದಿ ತೆಗೆದರೆ ಹೊಸದರ ಹಾಗೆ ಆಗುತ್ತಿತ್ತು.

"ಅದ್ದಿಬಿಡು ಮಾರಾಯ" ಅಂದರು ರಾವ್. "ಅಮ್ಮ ಕೇಳುವುದೂ ಬೇಡ, ನೀನು ಹೇಳುವುದೂ ಬೇಡ. ನಾನಂತೂ ಚಡ್ಡಿಯ ವಿಷಯವೇ ಮನೆಯಲ್ಲಿ ಹೇಳುವುದಿಲ್ಲ."

ಲಿಂಗವನ್ನು ತೆಗೆದು ಬಟ್ಟೆಯಲ್ಲಿ ಸುತ್ತಿ ಕಟ್ಟಿಕೊಂಡೆ, ಮೊದಲಿನ ದಿನಗಳ ಹಾಗೆ. ಬರೀ ಗುಂಡಗಡಿಗೆ ಇಕ್ಕಳದಲ್ಲಿ ಹಿಡಿದು ತೊಟ್ಟಿಯ ಮೇಲೆ ನಿಂತೆ. ಆ ಕಪ್ಪು ಹೊರಗಿನಿಂದ ಬಂದು ಅಂಟಿದ ಕೊಳೆಯಲ್ಲ, ಬೆಳ್ಳಿಯೇ ಹಾಗೆ ಆದದ್ದು. ಆ ದ್ರಾವಣ ಕಪ್ಪನ್ನು ಕರಗಿಸಿದರೆ ಅದರ ಜೊತೆ ಬೆಳ್ಳಿಯ ಒಂದು ಪೊರೆಯೂ ಹೋಗುತ್ತದೆ. ಅವ್ವ ಕಾಲಿಗೆ ಹಾಕಿಕೊಂಡು ಖಣಿ ತುಳಿದ ಬೆಳ್ಳಿ, ಜಪಾನಿನ ಕಾರ್ಖಾನೆಯ ಚರಂಡಿಗೆ. ಬೆಳ್ಳಿ ಕಳೆಯದೆ ತೆಗೆಯುವ ಬೇರೆ ಉಪಾಯವೂ ನನಗೆ ಗೊತ್ತಿತ್ತು. ಆದರೆ ಅವಳಿಂದ ಮುಚ್ಚಿಡುವುದಕ್ಕೇ ತಾನೆ ಇದೆಲ್ಲ? ಇಕ್ಕಳ ಕೆಳಗಿಟ್ಟೆ.

ಮೆಹದಿಪಟ್ಟಣಂ

ಉಳಿದ ದಿನಗಳಲ್ಲಿ ಯಂತ್ರ ಕಲಿತೆ. ಅದರ ಕಥೆ ಆಫೀಸಿನ ರಿಪೋರ್ಟಿನಲ್ಲಿದೆ. ವಿಮಾನದಲ್ಲಿ ದಾರಿಯುದ್ದಕ್ಕೂ ಅವ್ವನಿಗೆ ಹೇಳುವ ಮಾತು ಜೋಡಿಸಿದೆ. ಬೇಗಂಪೇಟೆಯಿಂದ ಆಟೋ ಹಿಡಿದು ಮನೆ ಮುಟ್ಟುವ ಹೊತ್ತಿಗೆ ಜೋಡಿಸಿದ್ದೆಲ್ಲ ಉದುರಿಹೋಗಿತ್ತು.

ಅವ್ವ ಬಾಗಿಲಿಗೆ ಬಂದು, ನನ್ನ ಕಾಲಿಗೆ ನೀರು ಹಾಕಿ, ಸೂಟ್‌ಕೇಸು ನೋಡದೆ ಎದೆ ನೋಡಿದಳು.

"ತಗಿ, ನೋಡೋಣು."

ಲಿಂಗವನ್ನು ಅಂಗೈಯಲ್ಲಿ ಹಿಡಕೊಂಡು ಗುಂಡಗಡಿಗೆ ಅವಳ ಕೈಗೆ ಕೊಟ್ಟೆ. ಕಿಟಕಿಯ ಬೆಳಕಿಗೆ ಹಿಡಿದಳು.

"ಬೇ, ಒಂದು ಬೆಟ್ಟಕ್ಕ ಹೋಗಿದ್ದೆ. ಅಲ್ಲಿ ಗಂಧಕದ ಗಾಳಿ ಐತಿ. ಅಲ್ಲಿ ಮೈಮ್ಯಾಲಿಂದ ಇಳಿಸಿಲ್ಲ. ನೀರಿಗೂ ಹಚ್ಚಿಲ್ಲ. ಗಾಳಿಗೇ ಹಿಂಗ..."

"ಸುಮ್ನಿರು."

ಅವಳು ಹೆಬ್ಬೆರಳಿನ ಉಗುರಿನಿಂದ ಗೆರೆಯೊಳಗಿನ ಕಪ್ಪನ್ನು ಕೆರೆದು ನೋಡಿದಳು, ಬರಲಿಲ್ಲ. ಇನ್ನೊಮ್ಮೆ ತಿರುವಿದಳು. ಬೈಯುತ್ತಾಳೆ ಅಂದುಕೊಂಡೆ. ಅವಳು ನೆಲದ ಮೇಲೆ ಕೂತಳು, ಕಾಲು ಚಾಚಿದಳು, ಗುಂಡಗಡಿಗೆಯನ್ನು ತನ್ನ ಕಣಕಾಲಿನ ಮೇಲೆ ಇಟ್ಟುಕೊಂಡು ನೋಡಿದಳು.

"ಖಣಿಯಿಂದ ಬಂದು ಕಾಲು ತೊಳಕೊಂಡಾಗ ನನ್ನ ಕಡಗ ಹಿಂಗ ಇರತಿದ್ದುವಲ್ಲೋ. ಮ್ಯಾಲ ಬೆಳ್ಳಗ, ಗೀರಿನಾಗ ಕರ್ರಗ. ಎಷ್ಟ ತಿಕ್ಕಿದ್ರೂ ಹೋಗತಿದ್ದಿಲ್ಲ. ನಿಮ್ಮಪ್ಪ ನಗತಿದ್ದ." ಅದನ್ನು ಬೆರಳಿನಿಂದ ಸವರಿ ಅಂದಳು, "ನಂದ ಬೆಳ್ಳಿ. ಪಾಪ, ಆ ಪತ್ತಾರಗ ಸುಮ್ನ ಬೈದೆ."

ಅವಳ ಪಕ್ಕದಲ್ಲಿ ಕೂತು ಬೆಟ್ಟದ ಕಥೆ ಹೇಳಿದೆ. ಗಂಟೆ, ಕರಡಿ, ರಾವ್ ಅವರ ಚಡ್ಡಿ. ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ಗಂಧಕ ಹೊತ್ತ ಮುದುಕರು ನನ್ನ ಬೆನ್ನು ತಿಕ್ಕಿದ್ದು ಹೇಳಿದಾಗ ನಗು ನಿಂತಿತು.

"ನೀ ಅವರ ಬೆನ್ನು ತಿಕ್ಕಿದ್ಯೋ ಇಲ್ಲೋ?"

"ತಿಕ್ಕಿದೆ."

"ಜೋರಾಗಿ ತಿಕ್ಕಬೇಕಾಗಿತ್ತು. ಹೊರೆ ಹೊತ್ತ ಮೈಗೆ ಮೆತ್ತಗ ತಿಕ್ಕಿದ್ರ ತಾಗಂಗಿಲ್ಲ."

"ಅವರೂ ಹಂಗ ಅಂದ್ರು."

"ಅಂದಿರತಾರ." ಅವಳು ಗುಂಡಗಡಿಗೆಯನ್ನು ನನ್ನ ಕೈಗೆ ಕೊಟ್ಟು ಎದ್ದಳು. "ಇನ್ನ ಉಜ್ಜಬ್ಯಾಡ ಅದನ್ನ. ಹಾಕ್ಕೊ. ನೀರು ಕಾದಾವು, ಏಳು."